ಮೂರು ಬಾರಿ ಹುಟ್ಟಿದ ತಂಡ: ಅಯೋವಾ ಬಾರ್ನ್‌ಸ್ಟಾರ್ಮರ್ಸ್

ಪ್ರಶ್ನೆ: ಕೆಲಸದ ನಿಮಿತ್ತ ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿ ಮೋಯ್ನ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ತಂಡವಾದ ಅಯೋವಾ ಬಾರ್ನ್‌ಸ್ಟಾರ್ಮರ್ಸ್‌ನ ಆಟ ನೋಡಲು ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು, ಈ ತಂಡವನ್ನು 1995ರಿಂದ ನೋಡುತ್ತಿದ್ದೇನೆ ಎಂದರು. ಮರುದಿನ ಕಚೇರಿಯಲ್ಲಿ ಗೆಳೆಯರೊಬ್ಬರು, ಆ ಹಳೆಯ ತಂಡ 2000ದಲ್ಲೇ ನ್ಯೂಯಾರ್ಕ್‌ಗೆ ಹೋಯಿತು, ಈಗಿರುವುದು ಬೇರೆ ಎಂದರು. ಯಾರ ಮಾತು ಸರಿ? ಇದು ಕೆಳದರ್ಜೆಯ ಲೀಗ್ ಎಂದೂ ಹೇಳುತ್ತಾರೆ. ಹಾಗಾದರೆ ಅಮೆರಿಕನ್ ಫುಟ್‌ಬಾಲ್‌ನ ಅತಿದೊಡ್ಡ ಫೈನಲ್ ಆದ ಸೂಪರ್ ಬೌಲ್ ಗೆದ್ದ ಕರ್ಟ್ ವಾರ್ನರ್ ಇಲ್ಲಿಂದ ಬಂದದ್ದು ಹೇಗೆ?

ಉತ್ತರ: ಹಿರಿಯರ ಮಾತೂ ನಿಜ, ನಿಮ್ಮ ಗೆಳೆಯರ ಮಾತೂ ನಿಜ. ಒಬ್ಬರು ಹೇಳಿದ್ದು ತಂಡದ ಕಥೆ, ಇನ್ನೊಬ್ಬರು ಹೇಳಿದ್ದು ಅದರ ಪರವಾನಗಿಯ, ಅಂದರೆ ಲೀಗ್‌ನಲ್ಲಿ ಆಡುವ ಹಕ್ಕಿನ ಕಥೆ. ಬೇರೆ ಆಟಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಒಳಾಂಗಣ ಫುಟ್‌ಬಾಲ್‌ನಲ್ಲಿ ಮಾತ್ರ ಇವು ಮತ್ತೆ ಮತ್ತೆ ಕವಲೊಡೆದಿವೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಈ ಆಟ ಹುಟ್ಟಿದ ಬಗೆಯಿಂದಲೇ ಆರಂಭಿಸಬೇಕು, ಏಕೆಂದರೆ ಇದನ್ನು ಹುಟ್ಟುಹಾಕಿದವರೂ ಬಾರ್ನ್‌ಸ್ಟಾರ್ಮರ್ಸ್ ತಂಡವನ್ನು ಕಟ್ಟಿದವರೂ ಒಬ್ಬರೇ.

ಅವರ ಹೆಸರು ಜಿಮ್ ಫಾಸ್ಟರ್. 1981ರ ಫೆಬ್ರುವರಿ 11ರಂದು ಅವರು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್‌ನ (ನಾವು ಫುಟ್‌ಬಾಲ್ ಎನ್ನುವ ಆಟದ) ಆಲ್-ಸ್ಟಾರ್ ಪಂದ್ಯ ನೋಡುತ್ತಿದ್ದರು. ಸಾಕರ್ ಅನ್ನು ಸೂರಿನ ಕೆಳಗೆ ಆಡಬಹುದಾದರೆ ಅಮೆರಿಕನ್ ಫುಟ್‌ಬಾಲ್ ಅನ್ನು ಏಕೆ ಆಡಬಾರದು ಎಂದು ಯೋಚಿಸಿ, ಕೈಯಲ್ಲಿದ್ದ ಕಂದು ಲಕೋಟೆಯ ಮೇಲೆಯೇ ಮೈದಾನದ ನಕ್ಷೆ ಬರೆದರು. ಆ ನಕ್ಷೆಯ ಹಿಂದೆ ಒಂದು ಸರಳವಾದ ಲೆಕ್ಕವಿದೆ. ಅಮೆರಿಕದ ಮಧ್ಯಮ ಗಾತ್ರದ ನಗರಗಳಲ್ಲಿಯೂ ಐಸ್ ಹಾಕಿ ಆಡುವ ಸಭಾಂಗಣಗಳಿರುತ್ತವೆ, ಅವುಗಳ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಫಾಸ್ಟರ್ ಅವರ ಮೈದಾನ 50 ಗಜ, ಅಂದರೆ 150 ಅಡಿ. ಎರಡೂ ತುದಿಗಳಲ್ಲಿ ಚೆಂಡನ್ನು ಕೊಂಡೊಯ್ದು ಅಂಕ ಗಳಿಸುವ (ಇದೇ ಟಚ್‌ಡೌನ್) ಜಾಗಕ್ಕೆ 8 ಗಜದಂತೆ 48 ಅಡಿ. ಒಟ್ಟು 198 ಅಡಿ, ಅಗಲ 85 ಅಡಿ. ಐಸ್ ಹಾಕಿಯ ಅಂಕಣದೊಳಗೆ ಅದು ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಹಾಕಿಯ ಋತು ಮುಗಿದ ಮೇಲೆ ವಸಂತ ಮತ್ತು ಬೇಸಿಗೆಯಲ್ಲಿ ಈ ಸಭಾಂಗಣಗಳು ಬಹಳಷ್ಟು ದಿನ ಖಾಲಿ ಬಿದ್ದಿರುತ್ತಿದ್ದವು. ಒಳಾಂಗಣ ಫುಟ್‌ಬಾಲ್ ನೆಚ್ಚಿಕೊಂಡದ್ದು ಆ ಖಾಲಿ ದಿನಗಳನ್ನೇ.

1986ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಒಂದು ಪರೀಕ್ಷಾ ಪಂದ್ಯ ನಡೆಯಿತು. 1987ರಲ್ಲಿ ಶಿಕಾಗೊ, ಡೆನ್ವರ್, ಪಿಟ್ಸ್‌ಬರ್ಗ್ ಮತ್ತು ವಾಷಿಂಗ್ಟನ್‌ನ ನಾಲ್ಕು ತಂಡಗಳೊಡನೆ ಅರೀನಾ ಫುಟ್‌ಬಾಲ್ ಲೀಗ್ ಆರಂಭವಾಯಿತು. ಹನ್ನೊಂದು ಆಟಗಾರರ ಬದಲು ಎಂಟು ಮಂದಿ. ಅವರಲ್ಲಿ ಬಹುತೇಕರು ದಾಳಿ ಮತ್ತು ರಕ್ಷಣೆ ಎರಡರಲ್ಲೂ ಆಡಲೇಬೇಕಿತ್ತು. ಈ ಕಠಿಣ ನಿಯಮವನ್ನು ಲೀಗ್ ಕೈಬಿಟ್ಟದ್ದು 2007ರಲ್ಲಿ. ಗೆರೆಯ ಆಚೆ ಹುಲ್ಲಿಲ್ಲ. ಮೆತ್ತೆ ಹೊದಿಸಿದ ಗೋಡೆ, ಗೋಡೆಯಾಚೆ ನೇರವಾಗಿ ಪ್ರೇಕ್ಷಕರು. ಚೆಂಡು ಹಿಡಿಯುವ ಭರದಲ್ಲಿ ಆಟಗಾರ ಗೋಡೆ ದಾಟಿ ಮೊದಲ ಸಾಲಿನವರ ಮಡಿಲಿಗೇ ಬೀಳುವುದುಂಟು. ಗೋಲು ಕಂಬಗಳ ನಡುವಿನ ಅಂತರ ಹೊರಾಂಗಣದಲ್ಲಿ ಹದಿನೆಂಟೂವರೆ ಅಡಿಯಾದರೆ ಇಲ್ಲಿ 9 ಅಡಿ ಮಾತ್ರ. ಅಡ್ಡಪಟ್ಟಿಯ ಎತ್ತರ 10 ಅಡಿಯ ಬದಲು 15 ಅಡಿ. ಆ ಕಂಬಗಳ ಎರಡೂ ಬದಿಗೆ 30 ಅಡಿ ಅಗಲ, 32 ಅಡಿ ಎತ್ತರದ ಬಿಗಿಯಾದ ಬಲೆಗಳನ್ನು ಕಟ್ಟುತ್ತಿದ್ದರು. ಒದ್ದ ಚೆಂಡು ಗುರಿ ತಪ್ಪಿ ಬಲೆಗೆ ಬಡಿದು ಪುಟಿದು ಬಂದರೆ ಆಟ ನಿಲ್ಲುವುದಿಲ್ಲ. ಒಂದು ಕ್ಷಣದ ಹಿಂದೆ ರಕ್ಷಣೆಯಲ್ಲಿದ್ದವನು ಅದನ್ನು ಗಾಳಿಯಲ್ಲಿಯೇ ಹಿಡಿದು ಎದುರಾಳಿಯ ತುದಿಗೆ ಓಡಲಾರಂಭಿಸುತ್ತಾನೆ, ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಆಟಕ್ಕೆ ಇಷ್ಟೊಂದು ಜೀವ ಬಂದದ್ದು ಈ ಬಲೆಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. 1990ರಲ್ಲಿ ಈ ಆಟಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಹುಟ್ಟಿದ ಇತರ ಒಳಾಂಗಣ ಲೀಗ್‌ಗಳು ಬಲೆಗಳಿಲ್ಲದೆ ಆಡಬೇಕಾಗಿ ಬಂದದ್ದು ಈ ಪೇಟೆಂಟ್‌ನಿಂದಾಗಿಯೇ. ನೀವು ನೋಡಿದ ಪಂದ್ಯದಲ್ಲಿ ಬಲೆಗಳು ಇರಲಿಲ್ಲವಲ್ಲ? ಪೇಟೆಂಟ್‌ನ ಅವಧಿ 2007ರಲ್ಲೇ ಮುಗಿದರೂ ಆ ರೂಢಿ ಉಳಿದುಕೊಂಡಿತು.

ಲೀಗ್‌ನ ಆಡಳಿತದಿಂದ ಹೊರಬಂದ ಫಾಸ್ಟರ್ 1995ರಲ್ಲಿ ಡಿ ಮೋಯ್ನ್‌ನಲ್ಲಿ ಸ್ವಂತ ತಂಡ ಕಟ್ಟಿದರು. ಬಾರ್ನ್‌ಸ್ಟಾರ್ಮರ್ ಎಂದರೆ ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ವಿಮಾನ ಹಾರಿಸಿಕೊಂಡು ಹೋಗಿ ಹೊಲಗಳ ಮೇಲೆ ಸಾಹಸ ಪ್ರದರ್ಶನ ನೀಡುತ್ತಿದ್ದ ವೈಮಾನಿಕ. ತಂಡದ ಶಿರಸ್ತ್ರಾಣದ ಮೇಲೆ ಆ ವೈಮಾನಿಕರ ಕನ್ನಡಕವನ್ನೇ ಚಿತ್ರಿಸಿದ್ದರು, ದೂರದಿಂದ ನೋಡಿದರೆ ಎಂಟು ಹಳೆಯ ಕಾಲದ ಪೈಲಟ್‌ಗಳು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಹೆಸರಿಗೆ ಇನ್ನೊಂದು ಅರ್ಥವೂ ಒದಗಿತ್ತು. ಅವರು ಆಡುತ್ತಿದ್ದ ವೆಟರನ್ಸ್ ಮೆಮೋರಿಯಲ್ ಆಡಿಟೋರಿಯಂ ಅನ್ನು ಊರವರು ಪ್ರೀತಿಯಿಂದ ‘ಬಾರ್ನ್’, ಅಂದರೆ ಕಣಜದ ಕೊಟ್ಟಿಗೆ ಎಂದು ಕರೆಯುತ್ತಿದ್ದರು. 1955ರಲ್ಲಿ ತೆರೆದ ಆ ಕಟ್ಟಡ ಅಯೋವಾದ ಪ್ರೌಢಶಾಲಾ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ತವರಾಗಿತ್ತು. ತಂಡಕ್ಕೆ ಆರು ಮಂದಿಯಂತೆ ಆಡುವ, ಅಯೋವಾದವರು ತಮ್ಮದೇ ಎಂದು ಹೆಮ್ಮೆಪಡುತ್ತಿದ್ದ ಆ ಬಗೆಯ ಆಟ 1993ರಲ್ಲಿ ನಿಂತುಹೋಯಿತು. ಕುಟುಂಬ ಸಮೇತ ಆ ಬೆಂಚುಗಳಲ್ಲಿ ಕುಳಿತು ಕೂಗುವುದನ್ನು ರೂಢಿಮಾಡಿಕೊಂಡಿದ್ದ ಊರಿಗೆ ಎರಡು ವರ್ಷಗಳ ತರುವಾಯ ಹೊಸ ತಂಡ ಸಿಕ್ಕಿತು. ಬಾರ್ನ್‌ಸ್ಟಾರ್ಮರ್ಸ್ ಮೊದಲ ವರ್ಷವೇ ಜನರನ್ನು ಸೆಳೆದದ್ದರ ಹಿಂದೆ ಆ ಕಟ್ಟಡದ ಋಣವೂ ಇದೆ ಎಂದು ನಾನು ನಂಬುತ್ತೇನೆ.

ತರಬೇತುದಾರರಾಗಿ ಬಂದವರು ಜಾನ್ ಗ್ರೆಗರಿ. ಅವರು 1989ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ರಫ್‌ರೈಡರ್ಸ್ ತಂಡಕ್ಕೆ ಆ ದೇಶದ ಫುಟ್‌ಬಾಲ್ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದುಕೊಟ್ಟಿದ್ದರು. ಅವರ ಹೊಸ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ ಆಗಿ ಬಂದ ಹುಡುಗನೇ ಕರ್ಟ್ ವಾರ್ನರ್. ಅಯೋವಾದಲ್ಲೇ ಹುಟ್ಟಿ ಬೆಳೆದು ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದಿದ ವಾರ್ನರ್‌ಗೆ ಅಲ್ಲಿಯೂ ಮುಖ್ಯ ಕ್ವಾರ್ಟರ್‌ಬ್ಯಾಕ್ ಸ್ಥಾನ ಸಿಕ್ಕಿದ್ದು ಕೊನೆಯ ವರ್ಷದಲ್ಲಿ. 1994ರಲ್ಲಿ ಹೊರಾಂಗಣ ಫುಟ್‌ಬಾಲ್‌ನ ಅತಿದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ ಶಿಬಿರಕ್ಕೆ ಹೋದರೆ ಅಲ್ಲಿ ಬ್ರೆಟ್ ಫಾರ್ವ್, ಮಾರ್ಕ್ ಬ್ರುನೆಲ್ ಮತ್ತು ಟೈ ಡೆಟ್ಮರ್ ಎಂಬ ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಮುಂದಿದ್ದರು; ಋತು ಆರಂಭವಾಗುವ ಮೊದಲೇ ವಾರ್ನರ್ ಅವರನ್ನು ಮನೆಗೆ ಕಳುಹಿಸಲಾಯಿತು. ಸೀಡರ್ ಫಾಲ್ಸ್ ಪಟ್ಟಣದ ಹೈ-ವೀ ದಿನಸಿ ಮಳಿಗೆಯಲ್ಲಿ, ಗಂಟೆಗೆ ಐದೂವರೆ ಡಾಲರ್ ಸಂಬಳಕ್ಕೆ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸಕ್ಕೆ ಅವರು ಸೇರಿಕೊಂಡರು. ಬಾರ್ನ್‌ಸ್ಟಾರ್ಮರ್ಸ್‌ನ ಕರೆ ಬಂದದ್ದು ಆ ಹೊತ್ತಿನಲ್ಲಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ವಾರ್ನರ್ ಈ ಲೀಗ್ ಅನ್ನು ದಾಟಿ ಮೇಲೆ ಹೋದರು ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಈ ಆಟವೇ ಅವರನ್ನು ರೂಪಿಸಿತು. ಹೊರಾಂಗಣದಲ್ಲಿ 160 ಅಡಿ ಅಗಲವಿರುವ ಮೈದಾನ ಇಲ್ಲಿ 85 ಅಡಿಗೆ ಕುಗ್ಗುವುದರಿಂದ ಚೆಂಡು ಹಿಡಿಯುವವನ ಸುತ್ತ ಬಯಲು ಜಾಗವೇ ಇರುವುದಿಲ್ಲ. ಮೇಲಾಗಿ ಅರೀನಾ ನಿಯಮದಲ್ಲಿ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುವ ಮೊದಲೇ ಒಬ್ಬ ಆಟಗಾರ ಎರಡೂ ತಂಡಗಳ ನಡುವಿನ ಗೆರೆಯತ್ತ ಓಡಲು ಆರಂಭಿಸಬಹುದು, ಆದ್ದರಿಂದ ಆತ ಪೂರ್ಣ ವೇಗದಲ್ಲಿಯೇ ಗೆರೆ ದಾಟುತ್ತಾನೆ. ಕ್ವಾರ್ಟರ್‌ಬ್ಯಾಕ್ ಆದವನು ಕಣ್ಣಿನಿಂದ ನೋಡಿ, ಮನಸ್ಸಿನಲ್ಲಿ ತೂಗಿ, ಬಳಿಕ ಎಸೆಯೋಣ ಎಂದುಕೊಂಡರೆ ಅಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ. ನೋಡುವುದು ಮತ್ತು ಎಸೆಯುವುದು ಒಂದೇ ಚಲನೆಯಾಗಬೇಕು. ಇಂಥ ಎಸೆತವನ್ನು ವಾರ್ನರ್ ಮೂರು ಋತುಗಳಲ್ಲಿ ಸಾವಿರಾರು ಬಾರಿ ಮಾಡಿದರು. 1997ರ ಒಂದೇ ಋತುವಿನಲ್ಲಿ 79 ಟಚ್‌ಡೌನ್ ಎಸೆತಗಳನ್ನು ದಾಖಲಿಸಿದರು. ತಮ್ಮ ಕೈ ಅಷ್ಟು ಚುರುಕಾದದ್ದಕ್ಕೆ ಅರೀನಾ ಆಟವೇ ಕಾರಣವೆಂದು ಅವರೇ ಮುಂದೆ ಹೇಳಿದ್ದಾರೆ.

ಆ ವರ್ಷಗಳಲ್ಲಿ ತಂಡ ಎರಡು ಬಾರಿ ಅರೀನಾ ಬೌಲ್ ಫೈನಲ್ ತಲುಪಿ ಎರಡು ಬಾರಿಯೂ ಸೋತಿತು. 1996ರ ಸೋಲು ಹೆಚ್ಚು ನೋವಿನದು, ಏಕೆಂದರೆ ಅದು ತವರಿನ ‘ಬಾರ್ನ್’ನಲ್ಲೇ ಆಯಿತು: ಟ್ಯಾಂಪಾ ಬೇ ಸ್ಟಾರ್ಮ್ 42, ಅಯೋವಾ 38. ಗೆದ್ದ ಟ್ಯಾಂಪಾ ತಂಡದ ಮೂಲವೂ ಗಮನಾರ್ಹ. 1987ರ ಮೊದಲ ನಾಲ್ಕು ತಂಡಗಳಲ್ಲಿ ಒಂದಾದ ಪಿಟ್ಸ್‌ಬರ್ಗ್ ಗ್ಲಾಡಿಯೇಟರ್ಸ್ 1991ರಲ್ಲಿ ಊರು ಬದಲಿಸಿ ಟ್ಯಾಂಪಾ ತಂಡವಾಗಿತ್ತು. ಹಾಗೆ ಊರು ಬಿಟ್ಟದ್ದರಿಂದಲೇ ಅದು ಉಳಿದುಕೊಂಡಿತು. ಮೊದಲ ಪ್ರಶಸ್ತಿ ಗೆದ್ದ ಡೆನ್ವರ್ ಡೈನಮೈಟ್ 1991ರ ಬಳಿಕ ಮುಚ್ಚಿಹೋಗಿತ್ತು. 1997ರಲ್ಲಿ ಫೀನಿಕ್ಸ್ ನಗರದಲ್ಲಿ ಅರಿಜೋನಾ ರ‍್ಯಾಟ್ಲರ್ಸ್ ಅಯೋವಾವನ್ನು 55–33ರಿಂದ ಸೋಲಿಸಿತು. ವಾರ್ನರ್ ಅವರ ಕೊನೆಯ ಅರೀನಾ ಪಂದ್ಯ ಅದೇ.

ಮುಂದಿನದು ನಿಮಗೂ ಸ್ವಲ್ಪ ತಿಳಿದಿರಬಹುದು. 1998ರ ವಸಂತದಲ್ಲಿ ಎನ್‌ಎಫ್‌ಎಲ್ ಯುರೋಪ್‌ನ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್ ಪರ ಆಡಿದ ವಾರ್ನರ್ ಆ ವರ್ಷವೇ ಸೇಂಟ್ ಲೂಯಿಸ್ ರ‍್ಯಾಮ್ಸ್‌ನಲ್ಲಿ ಮೀಸಲು ಆಟಗಾರರಾದರು. 1999ರ ಆಗಸ್ಟ್‌ನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮಂಡಿಗೆ ಗಾಯ ಮಾಡಿಕೊಂಡಾಗ ತಂಡ ಇವರ ಕೈಗೆ ಬಂತು. ಆ ಋತುವಿನಲ್ಲಿ 41 ಟಚ್‌ಡೌನ್ ಎಸೆತಗಳು, ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಟೆನೆಸಿ ಟೈಟನ್ಸ್ ವಿರುದ್ಧ 23–16ರ ಜಯ, 414 ಗಜಗಳ ಎಸೆತ, ಸೂಪರ್ ಬೌಲ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವರಿಗೇ. 2017ರಲ್ಲಿ ಅವರು ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು.

ಆ ಜನವರಿಯಲ್ಲಿ ಬಾರ್ನ್‌ಸ್ಟಾರ್ಮರ್ಸ್ ಎಂಬ ಹೆಸರು ಅಮೆರಿಕದ ಮನೆಮನೆಯಲ್ಲಿ ಕೇಳಿಬಂತು. ಅದೇ ವರ್ಷದ ಋತು ಮುಗಿದ ಮೇಲೆ ತಂಡ ಡಿ ಮೋಯ್ನ್‌ನಿಂದ ಹೊರಟುಹೋಯಿತು. ಐಸ್ ಹಾಕಿಯ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಮಾಲೀಕ ಚಾರ್ಲ್ಸ್ ವಾಂಗ್ ಅವರ ಕೈಗೆ ಪರವಾನಗಿ ಹೋಗಿ, 2001ರಿಂದ ಅದು ಲಾಂಗ್ ಐಲ್ಯಾಂಡ್‌ನ ನಸ್ಸಾ ಕಾಲಿಸಿಯಂನಲ್ಲಿ ನ್ಯೂಯಾರ್ಕ್ ಡ್ರ್ಯಾಗನ್ಸ್ ಎಂಬ ಹೆಸರಿನಲ್ಲಿ ಆಡಿತು. ಪ್ರೇಕ್ಷಕರು ಕೈಬಿಟ್ಟದ್ದರಿಂದ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬದಲಾಗಿದ್ದು ಲೀಗ್‌ನ ಹಂಬಲ. ವಾರ್ನರ್ ಅವರ ಯಶಸ್ಸಿನಿಂದ ಅರೀನಾ ಆಟಕ್ಕೆ ಮನ್ನಣೆ ಸಿಕ್ಕಿತು, ಎನ್‌ಎಫ್‌ಎಲ್ ಮಾಲೀಕರಿಗೂ ಆಸಕ್ತಿ ಹುಟ್ಟಿತು, 2003ರಿಂದ ಎನ್‌ಬಿಸಿ ದೂರದರ್ಶನ ಪಂದ್ಯಗಳನ್ನು ಪ್ರಸಾರ ಮಾಡಿತು. ಹೀಗೆ ಲೀಗ್‌ನ ಕಣ್ಣು ದೊಡ್ಡ ನಗರಗಳ ಕಡೆ ಹೊರಳಿತು. 2020ರ ಜನಗಣತಿಯಲ್ಲೂ 2.14 ಲಕ್ಷ ಜನಸಂಖ್ಯೆಯಷ್ಟೇ ಇದ್ದ ಡಿ ಮೋಯ್ನ್‌ಗೆ ಆ ಕನಸಿನಲ್ಲಿ ಜಾಗವಿರಲಿಲ್ಲ. ಆಟಕ್ಕೆ ಹೆಸರು ತಂದುಕೊಟ್ಟ ಊರೇ ಆ ಹೆಸರಿನ ಬೆಲೆ ತೆರಬೇಕಾಯಿತು. ಇಪ್ಪತ್ತೈದು ವರ್ಷ ಕಳೆದರೂ ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಖಾಲಿಯಾದ ಜಾಗಕ್ಕೆ 2001ರಲ್ಲಿ ಅದೇ ಹೆಸರಿನ ಎರಡನೇ ತಂಡ ಬಂತು. ಅರೀನಾ ಲೀಗ್ ತನ್ನ ಕೆಳಹಂತವಾಗಿ 2000ದಲ್ಲಿ ಆರಂಭಿಸಿದ್ದ ‘ಎಎಫ್2’ ಎಂಬ ಲೀಗ್‌ನಲ್ಲಿ ಅದು ಆಡಿತು, ಒಂದೇ ಋತುವಿಗೆ ಮುಗಿಯಿತು. ಆರು ಬೇಸಿಗೆಗಳು ತಂಡವಿಲ್ಲದೆ ಕಳೆದವು. ಅಷ್ಟರಲ್ಲಿ 2005ರಲ್ಲಿ ಹಳೆಯ ಆಡಿಟೋರಿಯಂನ ಮಗ್ಗುಲಲ್ಲೇ ಹೊಸ ಸಭಾಂಗಣ, ವೆಲ್ಸ್ ಫಾರ್ಗೊ ಅರೀನಾ, ತೆರೆಯಿತು. 2008ರಲ್ಲಿ ಮೂರನೇ ಬಾರಿಗೆ ಬಾರ್ನ್‌ಸ್ಟಾರ್ಮರ್ಸ್ ಹುಟ್ಟಿತು, ಮತ್ತೆ ಎಎಫ್2ನಲ್ಲಿಯೇ. ನೀವು ನೋಡಿದ್ದು ಈ ಮೂರನೆಯ ತಂಡವನ್ನು.

ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಲಿನ ಲೀಗ್ ಕುಸಿಯಿತು. ಅರೀನಾ ಫುಟ್‌ಬಾಲ್ ಲೀಗ್ ಮೊದಲು 2009ರ ಋತುವನ್ನು ರದ್ದುಪಡಿಸಿ, ಬಳಿಕ ದಿವಾಳಿಯಾಯಿತು. ಅದರೊಂದಿಗೆ ನ್ಯೂಯಾರ್ಕ್ ಡ್ರ್ಯಾಗನ್ಸ್ ಕೂಡ ಇಲ್ಲವಾಯಿತು. 1995ರಲ್ಲಿ ಡಿ ಮೋಯ್ನ್‌ನಲ್ಲಿ ಹುಟ್ಟಿದ ಮೂಲ ಪರವಾನಗಿಯ ಕಥೆ ಅಲ್ಲಿಗೆ ಮುಗಿಯಿತು. ಕೆಳಹಂತದ ಎಎಫ್2 ಮಾತ್ರ 2009ರಲ್ಲಿ ತನ್ನ ಋತುವನ್ನು ಪೂರ್ತಿ ಆಡಿತು. ಸಣ್ಣ ಊರುಗಳು, ಸಣ್ಣ ಸಂಬಳ, ಸಣ್ಣ ಸಾಲ: ಬಿರುಗಾಳಿಯಲ್ಲಿ ಮರ ಉರುಳಿತು, ಹುಲ್ಲು ನಿಂತಿತು. ಆ ವರ್ಷದ ಕೊನೆಗೆ ಕೆಳಹಂತದ ತಂಡಗಳ ಮಾಲೀಕರೇ ಹೆಚ್ಚಾಗಿದ್ದ ಹೊಸ ಸಂಸ್ಥೆ ಹಳೆಯ ಲೀಗ್‌ನ ಹೆಸರು ಮತ್ತು ಗುರುತುಗಳನ್ನು ಹರಾಜಿನಲ್ಲಿ 61 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. 2010ರಲ್ಲಿ ಮತ್ತೆ ಆರಂಭವಾದ ಅರೀನಾ ಲೀಗ್‌ನಲ್ಲಿ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಇತ್ತು, ನ್ಯೂಯಾರ್ಕ್ ಇರಲಿಲ್ಲ. ಆ ವರ್ಷ ಆಟಗಾರರ ಸಂಬಳ ಪಂದ್ಯಕ್ಕೆ 400 ಡಾಲರ್.

2014ರ ಋತುವಿನ ಬಳಿಕ ತಂಡ ತಾನಾಗಿಯೇ ಅರೀನಾ ಲೀಗ್ ಬಿಟ್ಟು, 2015ರಿಂದ ಇಂಡೋರ್ ಫುಟ್‌ಬಾಲ್ ಲೀಗ್‌ನಲ್ಲಿ ಆಡತೊಡಗಿತು. ಎರಡು ಚಿಕ್ಕ ಲೀಗ್‌ಗಳು 2008ರಲ್ಲಿ ವಿಲೀನಗೊಂಡು ಹುಟ್ಟಿದ ಈ ಲೀಗ್‌ನಲ್ಲಿ ಆಗ ಎದುರಾಳಿಗಳ ಊರುಗಳು ಹತ್ತಿರವಿದ್ದವು, ಪ್ರಯಾಣದ ಖರ್ಚು ಕಡಿಮೆಯಿತ್ತು. ಬಲೆಗಳನ್ನು ಕಳೆದುಕೊಳ್ಳಬೇಕಾಯಿತು, ಅದು ದುಃಖದ ಸಂಗತಿಯೇ; ಆದರೂ ನಿರ್ಧಾರ ಸರಿಯಾಗಿತ್ತು. ಅರೀನಾ ಲೀಗ್ 2019ರಲ್ಲಿ ಇನ್ನೊಮ್ಮೆ ದಿವಾಳಿಯಾದಾಗ ಬಾರ್ನ್‌ಸ್ಟಾರ್ಮರ್ಸ್ ಅದರಿಂದ ದೂರ, ತನ್ನ ಪಾಡಿಗೆ ತಾನಿತ್ತು. 1997ರಲ್ಲಿ ಅವರನ್ನು ಸೋಲಿಸಿದ ಅರಿಜೋನಾ ರ‍್ಯಾಟ್ಲರ್ಸ್ ಕೂಡ 2017ರಲ್ಲಿ ಇದೇ ಲೀಗ್‌ಗೆ ಬಂತು. 1996ರಲ್ಲಿ ಸೋಲಿಸಿದ ಟ್ಯಾಂಪಾ ತಂಡ 2017ರಲ್ಲೇ ಆಟ ನಿಲ್ಲಿಸಿತು.

ಕೊನೆಗೂ ಪ್ರಶಸ್ತಿ ಬಂದದ್ದು 2018ರ ಜುಲೈನಲ್ಲಿ. ಲೀಗ್‌ನ ಫೈನಲ್ ಆದ ಯುನೈಟೆಡ್ ಬೌಲ್‌ನಲ್ಲಿ ಎದುರಾಳಿ ಪಕ್ಕದ ರಾಜ್ಯದ ಸೂ ಫಾಲ್ಸ್ ಸ್ಟಾರ್ಮ್. 2011ರಿಂದ 2016ರವರೆಗೆ ಸತತ ಆರು ವರ್ಷ ಈ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ತಂಡ ಅದು. ಅಂತಿಮ ಅಂಕಗಳು: ಅಯೋವಾ 69, ಸೂ ಫಾಲ್ಸ್ 68. ಇಪ್ಪತ್ತೆರಡು ವರ್ಷಗಳ ಹಿಂದೆ ನಾಲ್ಕು ಅಂಕಗಳಿಂದ ಕೈತಪ್ಪಿದ್ದು ಒಂದೇ ಅಂಕದಿಂದ ಕೈಗೆ ಬಂತು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಮರಳೋಣ. ನಮ್ಮವರಿಗೆ ಐಪಿಎಲ್ ಮೂಲಕ ಈ ಗೊಂದಲ ಪರಿಚಿತ. 2009ರಲ್ಲಿ ನಮ್ಮ ಬೆಂಗಳೂರು ತಂಡವನ್ನು ಫೈನಲ್‌ನಲ್ಲಿ ಸೋಲಿಸಿದ್ದು ಹೈದರಾಬಾದ್‌ನ ಡೆಕ್ಕನ್ ಚಾರ್ಜರ್ಸ್. 2013ರಲ್ಲಿ ಬಂದ ಸನ್‌ರೈಸರ್ಸ್ ಕೂಡ ಹೈದರಾಬಾದಿನದೇ ಆದರೂ ಆ ಕಪ್ ಅನ್ನು ತನ್ನದೆಂದು ಲೆಕ್ಕ ಹಾಕುವುದಿಲ್ಲ. ಅಲ್ಲಿ ಹೆಸರು, ಬಣ್ಣ ಎಲ್ಲವೂ ಹೊಸದಾಗಿದ್ದವು. ಡಿ ಮೋಯ್ನ್‌ನಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು. ಪರವಾನಗಿ ಊರು ಬಿಟ್ಟಿತು, ಹೆಸರು ಊರಿನಲ್ಲಿಯೇ ಉಳಿಯಿತು. ದಾಖಲೆ ಪುಸ್ತಕದ ಕಟ್ಟುನಿಟ್ಟಿನ ಕ್ರಮದಲ್ಲಿ 1995ರಿಂದ 2000ದವರೆಗಿನ ಗೆಲುವು ಸೋಲುಗಳು ಮುಚ್ಚಿಹೋದ ನ್ಯೂಯಾರ್ಕ್ ಡ್ರ್ಯಾಗನ್ಸ್‌ನ ಖಾತೆಗೆ ಸೇರುತ್ತವೆ. ಅದನ್ನು ತಪ್ಪೆನ್ನಲಾಗದು. ಆದರೆ ಆ ಸೋಲುಗಳನ್ನು ನೆನಪಿಟ್ಟುಕೊಂಡು, ಆರು ವರ್ಷ ಕಾದು, ಮತ್ತೆ ಟಿಕೆಟ್ ಕೊಂಡವರು ಡಿ ಮೋಯ್ನ್‌ನವರು. ಲಾಂಗ್ ಐಲ್ಯಾಂಡ್‌ನಲ್ಲಿ 1996ರ ಆ 42–38 ಯಾರಿಗೂ ನೋವು ಕೊಟ್ಟದ್ದಲ್ಲ. ಹಾಗಾಗಿ ನನ್ನನ್ನು ತೀರ್ಪು ಕೇಳಿದರೆ ನಾನು ನಿಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರ ಕಡೆಗೇ ನಿಲ್ಲುತ್ತೇನೆ.

‘ಕೆಳದರ್ಜೆ’ ಎಂಬ ಮಾತಿನ ಬಗೆಗೂ ಒಂದು ವಿವರಣೆ ಬೇಕು. ಬೇಸ್‌ಬಾಲ್‌ನಲ್ಲಿ ಪ್ರತಿಯೊಂದು ದೊಡ್ಡ ತಂಡಕ್ಕೂ ಕೆಳಹಂತದ ಸಂಯೋಜಿತ ತಂಡಗಳಿದ್ದು, ಆಟಗಾರರನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಫುಟ್‌ಬಾಲ್‌ನಲ್ಲಿ ಆ ಕೆಲಸವನ್ನು ವಿಶ್ವವಿದ್ಯಾಲಯಗಳು ಮಾಡುತ್ತವೆ. ಆದ್ದರಿಂದ ಒಳಾಂಗಣ ತಂಡಗಳಿಗೆ ಎನ್‌ಎಫ್‌ಎಲ್ ಜೊತೆ ಅಂಥ ಯಾವ ಏಣಿಯೂ ಇಲ್ಲ. ವಿಶ್ವವಿದ್ಯಾಲಯ ಮುಗಿಸಿ, ದೊಡ್ಡ ತಂಡಗಳ ಕಣ್ಣಿಗೆ ಬೀಳದ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗರಿಗೆ ಇನ್ನೂ ಕೆಲವು ವರ್ಷ ಆಡಲು, ಪಂದ್ಯಕ್ಕೆ ಕೆಲವೇ ನೂರು ಡಾಲರ್ ಆದರೂ ಸಂಬಳ ಪಡೆಯಲು ಇರುವ ಜಾಗವಿದು. ವಾರ್ನರ್ ಹಾಗೆ ಮೇಲೇರಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಈ 50 ಗಜದ ಮೈದಾನದಲ್ಲಿಯೇ ತಮ್ಮ ಅತ್ಯುತ್ತಮ ಆಟವನ್ನು ಆಡಿ ಮುಗಿಸುತ್ತಾರೆ. ಆ ಆಟವನ್ನು ನೀವು ಗೋಡೆಯ ಬಳಿಯ ಸಾಲಿನಲ್ಲಿ ಕುಳಿತು ನೋಡಿದ್ದರೆ ಕೆಳದರ್ಜೆ ಎಂಬ ಪದ ನಿಮ್ಮ ಬಾಯಿಗೆ ಬರುವುದಿಲ್ಲ.

ಮುಂದಿನ ಸಲ ಆಟಕ್ಕೆ ಹೋದಾಗ ಅರ್ಧ ಗಂಟೆ ಮುಂಚಿತವಾಗಿ ಹೋಗಿ, ಸಭಾಂಗಣದ ಅಕ್ಕಪಕ್ಕ ಒಂದು ಸುತ್ತು ಹಾಕಿ. ಆಟ ನಡೆಯುವ ಕಟ್ಟಡಕ್ಕೆ 2025ರಿಂದ ಕೇಸೀಸ್ ಸೆಂಟರ್ ಎಂದು ಹೆಸರು. ಅದೇ ಆವರಣದಲ್ಲಿರುವ ಸಮ್ಮೇಳನ ಭವನವೇ ಹಿಂದಿನ ವೆಟರನ್ಸ್ ಆಡಿಟೋರಿಯಂ. ಒಳಭಾಗವನ್ನು ಪೂರ್ತಿ ಬದಲಾಯಿಸಿರುವುದರಿಂದ ‘ಬಾರ್ನ್’ನ ಬೆಂಚುಗಳು ಈಗ ಕಾಣಸಿಗುವುದಿಲ್ಲ. ಈ ಎರಡು ಕಟ್ಟಡಗಳ ಜೊತೆಗಿರುವ ಮೂರನೆಯದು ದೊಡ್ಡದೊಂದು ವಸ್ತುಪ್ರದರ್ಶನ ಭವನ. ಅದಕ್ಕೆ ಬಹುಕಾಲ ಇದ್ದ ಹೆಸರು ಹೈ-ವೀ ಹಾಲ್. ವಾರ್ನರ್ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಅದೇ ದಿನಸಿ ಕಂಪನಿಯ ಹೆಸರು.